ಮಂಗಳೂರಿನ ಶಾಲೆಗಳೂ ಇಂಗ್ಲಿಷು ಕಲಿಸಿದ ಪುಸ್ತಕಗಳೂ

೧

ದಕ್ಷಿಣ ಕನ್ನಡದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಶಾಲೆಗಳ ಸ್ಥಾಪನೆಯ ವರ್ಷಗಳನ್ನೂ ಸ್ಥಾಪಕರ ಹೆಸರುಗಳನ್ನೂ ಹೇಳುವುದುಂಟು. ಆ ಶಾಲೆಗಳಲ್ಲಿ ಹುಡುಗನ ಕೈಗೆ ಬಂದ ಪುಸ್ತಕ ಯಾವುದು, ಅದು ಯಾರ ಅನುಕೂಲಕ್ಕಾಗಿ ರಚಿತವಾದುದು, ಯಾವ ಭಾಷೆಯ ಮೂಲಕ ಅವನು ಇಂಗ್ಲಿಷನ್ನು ಹಿಡಿದನು ಎಂಬ ಪ್ರಶ್ನೆಗಳಿಗೆ ದೊರೆತಿರುವ ಗಮನವು ಅಲ್ಪ. ಈ ಪ್ರಶ್ನೆಗಳು ಬರಿಯ ಪುಸ್ತಕಗಳ ಪಟ್ಟಿಗೆ ಸೇರಿದವಲ್ಲ. ಹೊಸಗನ್ನಡದ ಗದ್ಯವೂ ಪದಸಂಪತ್ತೂ ಬೆಳೆದ ಬಗೆಗೆ ಇವುಗಳ ಸಂಬಂಧವು ನಿಕಟವಾಗಿದೆ.

೧೭೯೯ರಲ್ಲಿ ಕೆನರಾ ಪ್ರಾಂತವು ಕುಂಪಣಿ ಸರಕಾರದ ವಶವಾಯಿತು. ಅದರ ಮೊದಲ ಕಲೆಕ್ಟರನಾಗಿದ್ದ ಥಾಮಸ್ ಮನ್ರೋವು ಮುಂದೆ ಮದರಾಸಿನ ಗವರ್ನರನಾಗಿ ೧೮೨೨ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ವಿವರವನ್ನು ಕೇಳಿದನು. ಕೆನರಾದಿಂದ ಹೋದ ಉತ್ತರವು ಉಳಿದ ಜಿಲ್ಲೆಗಳ ಉತ್ತರದಂತಿರಲಿಲ್ಲ. ಇಲ್ಲಿ ನಿಯತವಾದ ಶಾಲೆಗಳಾಗಲಿ ಉಪಾಧ್ಯಾಯರಾಗಲಿ ಇಲ್ಲ, ಮಕ್ಕಳ ವಿದ್ಯಾಭ್ಯಾಸವು ಮನೆಗಳಲ್ಲಿಯೇ ನಡೆಯುತ್ತದೆ, ಆದುದರಿಂದ ಕೋಷ್ಟಕವನ್ನು ತುಂಬಲಾಗದು ಎಂಬುದು ಅದರ ಸಾರಾಂಶ. ಈ ಉತ್ತರದಿಂದ ಜನರು ನಿರಕ್ಷರರಾಗಿದ್ದರೆಂದು ತಿಳಿಯಲಾಗದು; ಸರಕಾರದ ಲೆಕ್ಕಕ್ಕೆ ಸಿಕ್ಕುವ ರೂಪದಲ್ಲಿ ವಿದ್ಯೆಯಿರಲಿಲ್ಲವೆಂದಷ್ಟೇ ತಿಳಿಯಬೇಕು.

೨

ಆ ಕಾಲದಲ್ಲಿ ಇಂಗ್ಲಿಷು ಮತ್ತು ಕನ್ನಡ ಎರಡೂ ಸೇರಿದ ಪುಸ್ತಕಗಳು ಇರಲೇ ಇಲ್ಲವೆಂದಲ್ಲ. ಮೆಕೆರೆಲ್ಲನ ವ್ಯಾಕರಣವು ೧೮೨೦ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ವಿಲಿಯಂ ರೀವನ ಇಂಗ್ಲಿಷು-ಕರ್ನಾಟಕ ನಿಘಂಟು ೧೮೨೪ರಲ್ಲಿಯೂ ಕರ್ನಾಟಕ-ಇಂಗ್ಲಿಷು ನಿಘಂಟು ೧೮೩೨ರಲ್ಲಿಯೂ ಹೊರಬಂದುವು. ಆದರೆ ಇವು ಯಾವುವೂ ಕನ್ನಡ ನಾಡಿನ ಹುಡುಗನನ್ನು ಉದ್ದೇಶಿಸಿದವಲ್ಲ. ಕಚೇರಿಯಲ್ಲಿ ಅರ್ಜಿಗಳನ್ನು ಓದಬೇಕಾದ ಕುಂಪಣಿಯ ಅಧಿಕಾರಿಗೂ ಉಪದೇಶ ಮಾಡಬೇಕಾದ ಪಾದ್ರಿಗೂ ಕನ್ನಡ ಕಲಿಸುವುದೇ ಇವುಗಳ ಉದ್ದೇಶ. ವ್ಯಾಕರಣದ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಉದಾಹರಣೆ ಮಾತ್ರ ಕನ್ನಡದಲ್ಲಿ. ಇಂಗ್ಲಿಷನ್ನು ಮೊದಲೇ ಬಲ್ಲವನಿಗಲ್ಲದೆ ಇತರರಿಗೆ ಇಂಥ ಪುಸ್ತಕವು ಮುಚ್ಚಿದ ಬಾಗಿಲು.

ಪುಸ್ತಕದ ಮುಖವನ್ನು ಈ ಕಡೆಗೆ ತಿರುಗಿಸಬೇಕಾದರೆ ಶಾಲೆಯೂ ಬೇಕು, ಮುದ್ರಣಾಲಯವೂ ಬೇಕು. ಮಂಗಳೂರಿನಲ್ಲಿ ಇವೆರಡೂ ಒಂದೇ ಸಂಸ್ಥೆಯಿಂದ ಬಂದುವು. ಬಾಸೆಲ್ ಮಿಶನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಹೆರ್ಮನ್ ಮೋಗ್ಲಿಂಗನು ೧೮೩೬ರಲ್ಲಿ ಬಂದನು. ೧೮೩೮ರಲ್ಲಿ ಮಿಶನಿನ ಇಂಗ್ಲಿಷು ಶಾಲೆಯೂ ೧೮೪೧ರಲ್ಲಿ ಅದರ ಕಲ್ಲಚ್ಚಿನ ಮುದ್ರಣಾಲಯವೂ ಆರಂಭವಾದುವು. ಕನ್ನಡದ ಮೊದಲ ವೃತ್ತಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ'ವು ೧೮೪೩ರ ಜುಲಾಯಿ ೧ರಂದು ಈ ಕಲ್ಲಚ್ಚಿನಲ್ಲಿಯೇ ಪ್ರಕಟವಾಯಿತು. ಕಲ್ಲಚ್ಚಿಗೆ ಪ್ರತಿಯೊಂದು ಪುಟವನ್ನೂ ಕೈಯಿಂದ ಬರೆಯಬೇಕು. ಒಂದೇ ಸಾಲಿನಲ್ಲಿ ಎರಡು ಲಿಪಿಗಳು ಬರುವ ದೊಡ್ಡ ನಿಘಂಟನ್ನು ಹಾಗೆ ಸಿದ್ಧಪಡಿಸುವುದು ಬಲು ಕಷ್ಟ. ೧೮೫೦ರ ದಶಕದಲ್ಲಿ ಅಚ್ಚುಮೊಳೆಗಳ ಮುದ್ರಣವು ಆರಂಭವಾದ ಮೇಲೆ ಈ ತೊಡಕು ನಿವಾರಣೆಯಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನ್ ಭಾಷೆಯನ್ನಾಡುವವರು. ಇಂಗ್ಲಿಷು ಅವರಿಗೂ ಕಲಿತ ಭಾಷೆಯೇ ಹೊರತು ತಾಯಿಯಿಂದ ಬಂದುದಲ್ಲ. ಪರಭಾಷೆಯನ್ನು ನಿಘಂಟು ವ್ಯಾಕರಣಗಳ ನೆರವಿನಿಂದ ಸಾಧಿಸಿದವರು ಇತರರಿಗೂ ಅದೇ ದಾರಿಯನ್ನು ತೋರಿಸಿದುದು ಸಹಜವಾಗಿದೆ.

೩

ಇಂಗ್ಲಿಷು ಶಾಲೆಯನ್ನು ಊರಿನವರು ನಿಶ್ಶಂಕೆಯಿಂದ ಸ್ವೀಕರಿಸಲಿಲ್ಲ. ಸರಕಾರದ ಉದ್ಯೋಗಗಳಲ್ಲಿ ಇಂಗ್ಲಿಷು ಬಲ್ಲವರಿಗೆ ಆದ್ಯತೆಯೆಂದು ಗವರ್ನರ್ ಜನರಲ್ ಹಾರ್ಡಿಂಜನು ನಿರ್ಣಯಿಸಿದುದು ೧೮೪೪ರಲ್ಲಿ. ಅದೇ ವರ್ಷದ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕನಾದ ಆನಂದರಾವ್ ಕೌಂಡಿನ್ಯನೂ ಅವನ ಇಬ್ಬರು ಸಂಗಡಿಗರೂ ಕ್ರೈಸ್ತಮತವನ್ನು ಸೇರಿದರು. ಕೌಂಡಿನ್ಯನು ಮಿಶನಿನ ಇಂಗ್ಲಿಷು ಶಾಲೆಯಲ್ಲಿ ಓದಿದವನು. ಊರಿನಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ಹೀಗೆ ಒಂದೇ ವರ್ಷದಲ್ಲಿ ಇಂಗ್ಲಿಷಿನ ಲಾಭವೂ ಅದರ ಭಯವೂ ತಂದೆತಾಯಿಗಳ ಮುಂದೆ ನಿಂತುವು. ಮಗನನ್ನು ಶಾಲೆಗೆ ಕಳುಹಿಸಿದರೆ ಉದ್ಯೋಗ ದೊರೆಯಬಹುದು. ಆದರೆ ಮಗನು ಮನೆಯಲ್ಲಿ ಉಳಿಯುವನೋ ಇಲ್ಲವೋ ಎಂಬ ಸಂದೇಹ.

ಈ ಸಂದಿಗ್ಧಕ್ಕೆ ಉತ್ತರವು ತಡವಾಗಿ ಬಂದಿತು. ೧೮೫೪ರ ವುಡ್ಡನ ಪತ್ರದಿಂದ ಸರಕಾರದ ಸಹಾಯಧನದ ಪದ್ಧತಿಯೂ, ೧೮೫೭ರಲ್ಲಿ ಮದರಾಸು ವಿಶ್ವವಿದ್ಯಾನಿಲಯವೂ ಉಂಟಾದುವು. ೧೮೬೬ರಲ್ಲಿ ಮಂಗಳೂರಿನಲ್ಲಿ ಸರಕಾರದ ಪ್ರಾಂತೀಯ ಶಾಲೆಯು ತೆರೆಯಿತು. ಮುಂದೆ ಅದು ಕಾಲೇಜಾಯಿತು. ಯೇಸುಸಭೆಯವರ ಸಂತ ಅಲೋಶಿಯಸ್ ಕಾಲೇಜು ೧೮೮೦ರಲ್ಲಿಯೂ, ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು ೧೮೯೧ರಲ್ಲಿಯೂ ಸ್ಥಾಪಿತವಾದುವು. ಇಂಗ್ಲಿಷು ಒಂದು ಮತದವರ ಸೊತ್ತೆಂಬ ಭಾವನೆಯು ಕ್ರಮೇಣ ಸಡಲಿತು. ಅದರ ಸ್ಥಾನಕ್ಕೆ ಮೆಟ್ರಿಕ್ಯುಲೇಶನ್ ಪರೀಕ್ಷೆಯ ಚಿಂತೆ ಬಂದಿತು.

೪

ಪರೀಕ್ಷೆಗೆ ಓದುವ ಈ ಹುಡುಗರಿಗೆ ನಿಘಂಟು ಅತ್ಯವಶ್ಯವಾಯಿತು. ಎಫ್. ಜೀಗ್ಲರನು ೧೮೭೨ರಲ್ಲಿ ಕನ್ನಡ ಕಲಿಯುವ ಪರಕೀಯರಿಗಾಗಿ ಒಂದು ಕೈಪಿಡಿಯನ್ನು ಬರೆದಿದ್ದನು. ೧೮೭೬ರಲ್ಲಿ ಅವನೇ ಇಂಗ್ಲಿಷು-ಕನ್ನಡ ಶಾಲಾನಿಘಂಟನ್ನು ಹೊರಡಿಸಿದನು. ನಾಲ್ಕು ವರ್ಷಗಳ ಅಂತರದಲ್ಲಿ ಒಬ್ಬನೇ ಗ್ರಂಥಕರ್ತನ ಲೇಖನಿಯು ಅಧಿಕಾರಿಯ ಮೇಜಿನಿಂದ ವಿದ್ಯಾರ್ಥಿಯ ಮಣೆಗೆ ತಿರುಗಿತು. ಈ ನಿಘಂಟು ಇಪ್ಪತ್ತನೆಯ ಶತಮಾನದಲ್ಲಿಯೂ ಮರುಮುದ್ರಣಗಳನ್ನು ಕಂಡುದು ಅದರ ಪ್ರಯೋಜನಕ್ಕೆ ಸಾಕ್ಷಿಯಾಗಿದೆ. ಬಳಿಕ ಕಿಟ್ಟೆಲರ ಕನ್ನಡ-ಇಂಗ್ಲಿಷು ಮಹಾನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದು ಪಂಡಿತರ ಗ್ರಂಥ. ಶಾಲೆಯ ಹುಡುಗನು ಹೊರಲಾರದ ಭಾರ. ಅದನ್ನಾಧರಿಸಿ ಜೆ. ಬುಖರನು ೧೮೯೯ರಲ್ಲಿ ಕನ್ನಡ-ಇಂಗ್ಲಿಷು ಶಾಲಾನಿಘಂಟನ್ನು ಸಿದ್ಧಪಡಿಸಿದನು. ಇಂಗ್ಲಿಷನ್ನು ಓದಿ ತಿಳಿಯುವುದಕ್ಕೆ ಜೀಗ್ಲರನೂ ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ಬುಖರನೂ ನೆರವಾದರು. ಇಂತು ಹೋಗಿ ಬರುವ ಎರಡು ದಾರಿಗಳೂ ತೆರೆದಂತಾಯಿತು.

ಆದರೆ ಮಂಗಳೂರಿನ ವಿಶೇಷವೊಂದನ್ನು ಮರೆಯಲಾಗದು. ಇಲ್ಲಿಯ ಹುಡುಗನ ಮನೆಮಾತು ಬಹುಮಟ್ಟಿಗೆ ತುಳು, ಕೊಂಕಣಿ ಅಥವಾ ಬ್ಯಾರಿ. ಅವನು ಕನ್ನಡವನ್ನು ಶಾಲೆಯಲ್ಲಿ ಕಲಿತು, ಆ ಕನ್ನಡದ ಮೂಲಕ ಇಂಗ್ಲಿಷಿಗೆ ಹೋಗಬೇಕಾಗಿತ್ತು. ಕಾಣದ ಮಾತಿಗೆ ಅರೆಕಂಡ ಮಾತಿನಲ್ಲಿ ಅರ್ಥ. ತುಳುವಿಗೆ ಮೆನ್ನರನ ನಿಘಂಟುಗಳು ೧೮೮೬ ಮತ್ತು ೧೮೮೮ರಲ್ಲಿಯೂ, ಕೊಂಕಣಿಗೆ ಮಫೇಯಿಯ ನಿಘಂಟು ೧೮೮೩ರಲ್ಲಿಯೂ ಮಂಗಳೂರಿನಲ್ಲಿಯೇ ಅಚ್ಚಾದುವು. ಆದರೆ ಶಾಲೆಯಲ್ಲಿ ನಿಂತುದು ಕನ್ನಡವೇ. ಮನೆಮಾತುಗಳಿಗೆ ಇದರಿಂದ ನಷ್ಟವಾಯಿತೆಂಬುದನ್ನು ಅಲ್ಲಗಳೆಯಲಾಗದು.

ಕನ್ನಡಕ್ಕೆ ಮಾತ್ರ ಲಾಭವಾಯಿತು. ಇಂಗ್ಲಿಷಿನ ಪ್ರತಿಯೊಂದು ಶಬ್ದಕ್ಕೂ ಕನ್ನಡದ ಮಾತೊಂದನ್ನು ನಿಲ್ಲಿಸಬೇಕಾದಾಗ, ನ್ಯಾಯಸ್ಥಾನ, ವ್ಯಾಪಾರ, ಶಾಸ್ತ್ರ, ಯಂತ್ರ ಇವುಗಳ ಪರಿಭಾಷೆಯನ್ನು ಹುಡುಕದೆ ಗತಿಯಿರಲಿಲ್ಲ. ಬಳಕೆಯ ಮಾತು, ಸಂಸ್ಕೃತದ ಪದ, ಕಚೇರಿಯ ಫಾರಸಿ ಶಬ್ದ ಇವುಗಳೊಳಗೆ ಯಾವುದು ತಕ್ಕುದೆಂಬ ವಿಚಾರವು ಕವಿಗಳಿಗಿಂತ ಮುಂಚೆಯೇ ನಿಘಂಟುಕಾರರಿಗೆ ಬಂದಿತು.

೫

ಅದೇ ಕಾಲದ ಸಯಾಮು ದೇಶದ ಸ್ಥಿತಿಯನ್ನು ಇದರೊಡನೆ ಹೋಲಿಸಬಹುದು. ಅಮೇರಿಕದ ಮಿಶನರಿಯಾದ ಬ್ರಾಡ್ಲಿಯು ೧೮೩೫ರಲ್ಲಿ ಬ್ಯಾಂಕಾಕನ್ನು ಸೇರಿದನು. ಅವನ ಪತ್ರಿಕೆಯಾದ 'ಬ್ಯಾಂಕಾಕ್ ರೆಕಾರ್ಡರ್' ೧೮೪೪ರಲ್ಲಿ ಹೊರಟಿತು. ಮಂಗಳೂರಿನ ವರ್ಷಗಳಿಗೂ ಈ ವರ್ಷಗಳಿಗೂ ಅಂತರವು ಅತ್ಯಲ್ಪ. ೧೮೫೧ರಲ್ಲಿ ಪಟ್ಟವೇರಿದ ಮೊಂಗಕುಟ್ ರಾಜನು ಭಿಕ್ಷುವಾಗಿದ್ದಾಗಲೇ ಮಿಶನರಿಗಳಿಂದ ಇಂಗ್ಲಿಷು ಕಲಿತಿದ್ದನು. ಆದರೆ ಸಯಾಮು ಪರರ ಆಳ್ವಿಕೆಗೆ ಒಳಗಾಗಲಿಲ್ಲ. ಅಲ್ಲಿ ಇಂಗ್ಲಿಷು ಕಲಿಯುವ ವಿಷಯಗಳಲ್ಲೊಂದಾಗಿ ನಿಂತಿತು. ಮದರಾಸು ಆಧಿಪತ್ಯದಲ್ಲಿ ಮೇಲಿನ ತರಗತಿಗಳ ಬೋಧನೆಯೇ ಇಂಗ್ಲಿಷಿನಲ್ಲಾಯಿತು. ಸಾಧನಗಳು ಸಮಾನವಾಗಿದ್ದರೂ ರಾಜಕೀಯ ಸ್ಥಿತಿಯ ಭೇದದಿಂದ ಫಲವು ಬೇರೆಯಾಯಿತು.

ಮಂಗಳೂರಿನಲ್ಲಿ ಈ ಓದಿನ ಫಲವು ಕನ್ನಡಕ್ಕೆ ಮರಳಿದುದಕ್ಕೆ ಪಂಜೆ ಮಂಗೇಶರಾಯರು ನಿದರ್ಶನರಾಗಿದ್ದಾರೆ. ೧೮೭೪ರಲ್ಲಿ ಜನಿಸಿದ ಅವರು ಇಂಗ್ಲಿಷು ಶಿಕ್ಷಣವನ್ನು ಪಡೆದು, ಸರಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸಿ, ವಿದ್ಯಾ ಇಲಾಖೆಯಲ್ಲಿ ದುಡಿದು, ಮಕ್ಕಳಿಗಾಗಿ ಕನ್ನಡದ ಪಾಠಗಳನ್ನೂ ಪದ್ಯಗಳನ್ನೂ ರಚಿಸಿದರು. ೧೯೨೧ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಇಂಗ್ಲಿಷಿನ ಪಠ್ಯಗಳಲ್ಲಿ ಕಂಡ ಲಾಲಿತ್ಯವು ಕನ್ನಡದ ಮಗುವಿಗೂ ದೊರೆಯಬೇಕೆಂಬ ಹಂಬಲವು ಅವರ ಕೃತಿಗಳಲ್ಲಿ ವ್ಯಕ್ತವಾಗಿದೆ.

ಮೇಲಣ ಸಂಗತಿಗಳಿಂದ ಒಂದು ವಿಷಯವು ಸ್ಪಷ್ಟವಾಗುತ್ತದೆ. ಆಳುವವನಿಗೆ ಕನ್ನಡ ಕಲಿಸಲು ಹುಟ್ಟಿದ ನಿಘಂಟು, ಆಳಿಸಿಕೊಳ್ಳುವವನಿಗೆ ಇಂಗ್ಲಿಷು ಕಲಿಸುವ ನಿಘಂಟಾಗಿ ಮಾರ್ಪಟ್ಟುದು ೧೮೨೪ರಿಂದ ೧೮೭೬ರ ವರೆಗಿನ ಅರ್ಧ ಶತಮಾನದ ಕೆಲಸ. ಆ ಪುಸ್ತಕಗಳಲ್ಲಿ ಕನ್ನಡವನ್ನು ಬದಿಗೊತ್ತದೆ, ಕನ್ನಡದ ಮೇಲೆಯೇ ಇಂಗ್ಲಿಷನ್ನು ಕಟ್ಟಲಾಯಿತು. ಹುಡುಗರು ಇಂಗ್ಲಿಷಿಗಾಗಿ ಪುಟಗಳನ್ನು ತಿರುವಿದರು. ಆ ಪುಟಗಳಲ್ಲಿ ಕನ್ನಡವನ್ನೂ ಕಲಿತರು.