ವಿಮಾನವು ಆಕಾಶದಲ್ಲಿ ನಿಲ್ಲಬಲ್ಲುದೆ?

ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ, ಸಂಜೆಯ ಹೊತ್ತು ಘಾಟ್‌ಕೋಪರ್ ನಿಲ್ದಾಣದ ಸೇತುವೆಯ ಮೇಲೆ ನಿಂತು ಪೂರ್ವ ದಿಕ್ಕನ್ನು ನೋಡಿದವರಿಗೆ ಒಂದು ಸೋಜಿಗ ಕಾಣುವುದುಂಟು. ದೂರದಲ್ಲಿ ನವಿ ಮುಂಬಯಿಯ ಮೇಲೆ ವಿಮಾನವೊಂದು ದೀಪ ಹಚ್ಚಿಕೊಂಡು ಸುಮ್ಮನೆ ನಿಂತಿರುತ್ತದೆ. ಎಡಕ್ಕೂ ಸರಿಯದು, ಬಲಕ್ಕೂ ಸರಿಯದು. ತುಸು ಹೊತ್ತಿನಲ್ಲಿಯೇ ಅದು ನಮ್ಮ ತಲೆಯ ಮೇಲೆ ಗರ್ಜಿಸಿ ಸಾಂತಾಕ್ರೂಜಿನ ಕಡೆಗೆ ಇಳಿದುಹೋಗುತ್ತದೆ. ಕಳೆದ ವರ್ಷ ನನ್ನ ಮಗ ಇದನ್ನು ನೋಡಿ, "ಅಪ್ಪಾ, ಅದು ಅಲ್ಲಿ ಯಾಕೆ ನಿಂತಿತ್ತು?" ಎಂದು ಕೇಳಿದನು. ವಾಣಿಜ್ಯಶಾಸ್ತ್ರ ಓದಿದ ನನಗೆ ಆಗ ಉತ್ತರ ಹೊಳೆಯಲಿಲ್ಲ. ಹುಡುಕಿದಾಗ ಸಿಕ್ಕಿದ ಸಂಗತಿಗಳಲ್ಲಿ ಬಹುಭಾಗ ನಮ್ಮ ಮುಂಬಯಿಗೂ ಕನ್ನಡನಾಡಿಗೂ ಸಂಬಂಧಪಟ್ಟವೇ ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಣ್ಣಿನ ಮೋಸವನ್ನು ತೀರಿಸಿಬಿಡೋಣ. ನಮ್ಮತ್ತಲೇ ನೆಟ್ಟಗೆ ಬರುವ ವಸ್ತುವಿನ ವೇಗ ಕಣ್ಣಿಗೆ ತಿಳಿಯುವುದಿಲ್ಲ. ಅದರ ದೀಪ ಸ್ವಲ್ಪಸ್ವಲ್ಪವಾಗಿ ದೊಡ್ಡದಾಗುವುದಷ್ಟೇ. ನಿಂತಂತೆ ಕಂಡ ಆ ವಿಮಾನ ಗಂಟೆಗೆ ಸುಮಾರು ೨೫೦ ಕಿಲೋಮೀಟರು ವೇಗದಲ್ಲಿ ಧಾವಿಸುತ್ತಿರುತ್ತದೆ. ರೆಕ್ಕೆಯ ಸುತ್ತ ಗಾಳಿ ರಭಸದಿಂದ ಹರಿದರೆ ಮಾತ್ರ ಅದಕ್ಕೆ ಭಾರವನ್ನು ಎತ್ತುವ ಶಕ್ತಿ ಬರುತ್ತದೆ. ವೇಗ ಒಂದು ಮಿತಿಗಿಂತ ಇಳಿಯಿತೋ, ಎತ್ತುವ ಶಕ್ತಿ ಕುಸಿಯಿತು. ಗತಿಯಿಲ್ಲದ ವಿಮಾನಕ್ಕೆ ಬೇರೆ ಗತಿಯಿಲ್ಲ ಎನ್ನಬಹುದು. ನಮ್ಮ ವಿಮಾನ ನಿಲ್ದಾಣದ ಎರಡು ಓಡುದಾರಿಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಏಕಕಾಲಕ್ಕೆ ಎರಡನ್ನೂ ಬಳಸಲಾಗದು. ಸರದಿ ಬರುವ ತನಕ ವಿಮಾನಗಳು ಗಾಣದೆತ್ತಿನಂತೆ ಆಕಾಶದಲ್ಲಿ ಸುತ್ತು ಹಾಕುವುದು ಅದಕ್ಕಾಗಿಯೇ. ನಿಲ್ಲಲು ಬರುತ್ತಿದ್ದರೆ ನಿಲ್ಲುತ್ತಿದ್ದವು.

ಮಲಬಾರ್ ಹಿಲ್ಲಿನ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಕಡಲ ಗಾಳಿಗೆ ಎದುರಾಗಿ ನಿಲ್ಲುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಗಾಳಿ ಹಿಂದಕ್ಕೆ ತಳ್ಳುವಷ್ಟೇ ವೇಗದಲ್ಲಿ ಹದ್ದು ಮುಂದಕ್ಕೆ ಜಾರುತ್ತಿರುತ್ತದೆ. ಹಗುರವಾದ ಸಣ್ಣ ವಿಮಾನವೂ ಬಲವಾದ ಗಾಳಿಗೆ ಎದುರಾದರೆ ಹೀಗೆ ಕಾಣಬಹುದು. ನೆಲದ ಲೆಕ್ಕದಲ್ಲಿ ಅದು ನಿಂತಿದೆ; ಗಾಳಿಯ ಲೆಕ್ಕದಲ್ಲಿ ಓಡುತ್ತಿದೆ.

ಹಾಗಾದರೆ ನಿಜವಾಗಿ ನಿಲ್ಲುವ ವಿಮಾನ? ಈ ಮಾತು ಬಂದೊಡನೆ ನಮ್ಮ ಸಭೆಗಳಲ್ಲಿ ಯಾರಾದರೊಬ್ಬರು ಚೌಪಾಟಿಯ ಕಥೆಯನ್ನು ಎತ್ತುತ್ತಾರೆ. ಮುಂಬಯಿಯ ಶಿವಕರ ಬಾಪೂಜಿ ತಳಪದೆಯವರು ೧೮೯೫ರಲ್ಲಿ, ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲು, 'ಮರುತ್ಸಖಾ' ಎಂಬ ವಿಮಾನವನ್ನು ಚೌಪಾಟಿಯಲ್ಲಿ ೧೫೦೦ ಅಡಿ ಎತ್ತರಕ್ಕೆ ಹಾರಿಸಿದರಂತೆ. ೨೦೧೫ರಲ್ಲಿ ಇದರ ಮೇಲೆ ಹಿಂದೀ ಚಲನಚಿತ್ರವೂ ಬಂತು. ಕಥೆಯ ಇನ್ನೊಂದು ತುದಿ ಇರುವುದು ನಮ್ಮ ಆನೇಕಲ್ಲಿನಲ್ಲಿ. ಅಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ'ವೇ ಈ ವಿದ್ಯೆಗೆಲ್ಲ ಪ್ರಮಾಣವೆಂದು ಹೇಳುವ ರೂಢಿ. ನಾನೂ ಚಿಕ್ಕಂದಿನಿಂದ ಇದನ್ನು ಅಭಿಮಾನದಿಂದಲೇ ಕೇಳಿಕೊಂಡು ಬಂದವನು.

ಆದರೆ ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಹಿರಿಯರ ಮಾತಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಆ ಗ್ರಂಥವನ್ನು ಭಾಷೆ, ಚಿತ್ರ, ಲೆಕ್ಕ ಮೂರನ್ನೂ ಹಿಡಿದು ಪರೀಕ್ಷಿಸಿದರು. ಗ್ರಂಥವು ೧೯೦೪ಕ್ಕಿಂತ ಹಿಂದಿನದಲ್ಲ, ಅದರಲ್ಲಿ ವರ್ಣಿಸಿದ ಯಾವ ವಿಮಾನಕ್ಕೂ ಹಾರುವ ಗುಣವಿಲ್ಲ ಎಂದು ತೀರ್ಮಾನಿಸಿದರು. ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ತಳಪದೆಯವರು ಮಾದರಿಗಳನ್ನು ಮಾಡಲೆತ್ನಿಸಿ ಒಂದನ್ನೂ ಹಾರಿಸಲಾಗಲಿಲ್ಲವೆಂಬ ಮಾತೂ ಅವರ ಪ್ರಬಂಧದಲ್ಲಿದೆ. ಇದನ್ನು ಓದಿದ ದಿನ ನನಗೆ ಸಂಕಟವಾದುದು ನಿಜ. ಆದರೂ ಚೀಟಿಯಿಲ್ಲದ ಜಮೆಯನ್ನು ಪುಸ್ತಕಕ್ಕೆ ಹತ್ತಿಸಲಾಗುವುದಿಲ್ಲ, ಅದು ನಮ್ಮ ಮನೆಯವರದೇ ಆದರೂ.

ಮುಂಬಯಿಗೂ ಕನ್ನಡನಾಡಿಗೂ ವಿಮಾನದ ನಂಟು ಬೇಕೆಂದರೆ ಚೀಟಿಯಿರುವ ಒಂದು ಜಮೆ ಉಂಟು. ೧೯೪೦ರ ಡಿಸೆಂಬರಿನಲ್ಲಿ ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಅದೇ ಮುಂದೆ ಎಚ್.ಎ.ಎಲ್. ಆಯಿತು. ಫ್ರೆಂಚರ ಪರವಾನಗಿಯ ಮೇಲೆ 'ಚೇತಕ್' ಹೆಲಿಕಾಪ್ಟರನ್ನು ಅಲ್ಲಿ ೧೯೬೦ರ ದಶಕದಿಂದ ಕಟ್ಟಿದರು. ತಾವೇ ರೂಪಿಸಿದ 'ಧ್ರುವ' ೧೯೯೨ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಮೇಲೆದ್ದಿತು. ನಿಲ್ಲುವ ವಿದ್ಯೆಗೆ ಹೆಲಿಕಾಪ್ಟರಿನ ಉಪಾಯ ಸರಳವಾದುದು. ವಿಮಾನ ಓಡಬೇಕಾದುದು ರೆಕ್ಕೆಗೆ ಗಾಳಿ ಸಿಗಲೆಂದು. ಹಾಗಿದ್ದರೆ ಒಡಲನ್ನು ನಿಲ್ಲಿಸಿ ರೆಕ್ಕೆಯನ್ನೇ ಸುತ್ತಿಸಿದರಾಯಿತು. ಉಪಾಯ ಸರಳವಾದರೂ, ಅಮೇರಿಕದಲ್ಲಿ ಸಿಕೋರ್ಸ್ಕಿಯವರ ಯಂತ್ರ ನೆಲ ಬಿಟ್ಟುದು ೧೯೩೯ರಲ್ಲಿ, ರೈಟ್ ಸಹೋದರರ ತರುವಾಯ ೩೬ ವರ್ಷಕ್ಕೆ.

ಹೀಗೆ ನಿಲ್ಲುವುದರ ಬೆಲೆಯನ್ನು ಮುಂಬಯಿ ಕಣ್ಣಾರೆ ಕಂಡಿದೆ. ೨೦೦೮ರ ನವೆಂಬರ್ ೨೮ರ ಬೆಳಿಗ್ಗೆ ಕೊಲಾಬಾದ ನರಿಮನ್ ಹೌಸಿನ ಮಾಳಿಗೆಯ ಮೇಲೆ ಹೆಲಿಕಾಪ್ಟರು ಬಂದು ನಿಂತಿತು. ಕಮಾಂಡೋಗಳು ಹಗ್ಗ ಹಿಡಿದು ಒಬ್ಬೊಬ್ಬರಾಗಿ ಇಳಿದರು. ಓಡುವ ವಿಮಾನದಿಂದ ಆಗದ ಕೆಲಸವದು. ಆದರೆ ನಿಂತ ಹೆಲಿಕಾಪ್ಟರು ಗುಂಡಿಗೆ ಸುಲಭವಾದ ಗುರಿ ಎಂಬುದೂ ಅಷ್ಟೇ ನಿಜ. ಒಳಗಿನ ಕಾಳಗದಲ್ಲಿ ಹವಾಲ್ದಾರ್ ಗಜೇಂದ್ರ ಸಿಂಗರು ಮಡಿದರು.

ಹೆಲಿಕಾಪ್ಟರು ವಿಮಾನವೇ ಅಲ್ಲ, ರೆಕ್ಕೆಯ ವಿಮಾನದ ಮಾತು ಹೇಳಿ ಎಂದು ಹಟ ಹಿಡಿಯುವವರಿಗೆ ಉತ್ತರ ಹ್ಯಾರಿಯರ್. ಫ್ರೆಂಚ್ ಇಂಜಿನಿಯರ್ ಮಿಷೆಲ್ ವಿಬೋ ಅವರ ಕಲ್ಪನೆಯಿಂದ ಬ್ರಿಟನ್ನಿನ ಬ್ರಿಸ್ಟಲಿನಲ್ಲಿ 'ಪೆಗಾಸಸ್' ಎಂಬ ಎಂಜಿನು ಹುಟ್ಟಿತು. ಅದಕ್ಕೆ ನಾಲ್ಕು ಮೂತಿಗಳು. ಹಿಂದಕ್ಕೆ ತಿರುಗಿಸಿದರೆ ವಿಮಾನ ಮುಂದೆ ಓಡುತ್ತದೆ. ಕೆಳಕ್ಕೆ ತಿರುಗಿಸಿದರೆ ಎಂಜಿನಿನ ಉಸಿರೇ ಅದನ್ನು ಹೊತ್ತು ನಿಲ್ಲಿಸುತ್ತದೆ. ನಿಂತಾಗ ಚುಕ್ಕಾಣಿಗೆ ಗಾಳಿ ಸಿಗದು; ಆದುದರಿಂದ ಮೂಗು, ಬಾಲ, ರೆಕ್ಕೆಯ ತುದಿಗಳಿಂದ ಸಣ್ಣ ಗಾಳಿಯ ಚಿಲುಮೆಗಳನ್ನು ಬಿಟ್ಟು ಸಮತೋಲ ಕಾಯಬೇಕು. ಇದರ ಮೂಲಮಾದರಿ ೧೯೬೦ರ ಅಕ್ಟೋಬರ್ ೨೧ರಂದು ಡನ್ಸ್‌ಫೋಲ್ಡಿನಲ್ಲಿ ಮೊದಲು ಎದ್ದಾಗ ಭಾರ ಕಡಿಮೆ ಮಾಡಲೆಂದು ಬೇಡವಾದುದನ್ನೆಲ್ಲ ಬಿಚ್ಚಿ, ಕಟ್ಟಿಹಾಕಿದ ಕರುವಿನಂತೆ ಸರಪಳಿ ಬಿಗಿದಿದ್ದರು. ನಡೆಸಿದ ಬಿಲ್ ಬೆಡ್‌ಫರ್ಡರ ಕಾಲಿಗೆ ಆಗ ಪ್ಲಾಸ್ಟರು!

ಆ ವಿಮಾನ ನಮ್ಮವರ ಮುಂದೆ ೧೯೭೨ರಲ್ಲಿ ಪರೀಕ್ಷೆ ಕೊಟ್ಟಿತು. ಐ.ಎನ್.ಎಸ್. ವಿಕ್ರಾಂತದ ಮೇಲೆ ಇಳಿದು ಏರಿ ತೋರಿಸಿತು. ವಿಕ್ರಾಂತ ಹಳೆಯ ಹಡಗು. ಹೊಸ ಜೆಟ್ ವಿಮಾನಗಳಿಗೆ ಅದರ ಅಟ್ಟ ಸಾಲದು. ನಿಂತು ಇಳಿಯುವ ವಿಮಾನವಾದರೆ ಸಾಲುವುದು. ೧೯೮೩ರ ಕೊನೆಯಲ್ಲಿ ನೌಕಾದಳದ ಮೊದಲ ಸೀ ಹ್ಯಾರಿಯರುಗಳು ಗೋವೆಗೆ ಬಂದವು. ೧೯೮೭ರಲ್ಲಿ ವಿರಾಟ್ ಬಂತು. ಎರಡು ಹಡಗುಗಳಿಗೂ ಮುಂಬಯಿಯೇ ಮನೆ.

ಇಲ್ಲಿ ಜಮಾಖರ್ಚು ನೋಡುವ ನನ್ನ ಚಾಳಿಗೆ ತಕ್ಕ ಒಂದು ಸಂಗತಿಯಿದೆ. ಸೀ ಹ್ಯಾರಿಯರಿನ ಎಂಜಿನು ಎತ್ತಬಲ್ಲುದು ಸುಮಾರು ೨೧,೫೦೦ ಪೌಂಡು. ಪೂರ್ತಿ ಹೇರಿದಾಗ ವಿಮಾನದ ಭಾರ ೨೬,೨೦೦ ಪೌಂಡು. ಕೊರತೆ ೪,೭೦೦. ಆದುದರಿಂದ ತುಂಬಿದ ಹೊರೆಯೊಡನೆ ಅದು ನೆಟ್ಟಗೆ ಮೇಲೇಳಲಾರದು. ಹಡಗಿನ ಮುಂತುದಿಯನ್ನು ಜಾರುಬಂಡೆಯಂತೆ ಮೇಲಕ್ಕೆ ಬಾಗಿಸಿ, ಅದರ ಮೇಲೆ ಓಡಿಸಿ ಚಿಮ್ಮಿಸುತ್ತಿದ್ದರು. ಎಣ್ಣೆ ಸುಟ್ಟು ಹಗುರಾಗಿ ಹಿಂದಿರುಗುವಾಗ ಮಾತ್ರ ಹಡಗಿನ ಪಕ್ಕಕ್ಕೆ ಬಂದು ಗಾಳಿಯಲ್ಲಿ ನಿಂತು, ಅಡ್ಡಲಾಗಿ ಸರಿದು, ಇಳಿಯುವುದು. ಆಗಲೂ ಬಿಸಿಲ ನಾಡಿನಲ್ಲಿ ಎಂಜಿನು ಸೋಲುತ್ತದೆಂದು ಅದರೊಳಕ್ಕೆ ನೀರು ಚಿಮುಕಿಸುವ ಏರ್ಪಾಡು ಇತ್ತು. ಆ ನೀರು ಸುಮಾರು ೨೨೭ ಲೀಟರು. ಒಂದೂವರೆ ನಿಮಿಷಕ್ಕೆ ಖಾಲಿ. ನಿಂತಿರುವ ಪ್ರತಿ ಕ್ಷಣಕ್ಕೂ ಬಡ್ಡಿ ಏರುವ ಸಾಲವಿದು. ತರಿಸಿದ ಸೀ ಹ್ಯಾರಿಯರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಪಘಾತಗಳಲ್ಲಿ ಹಾಳಾದವು. ಹಲವರು ತರುಣ ವೈಮಾನಿಕರು ಪ್ರಾಣತೆತ್ತರು. ಹುಡುಗನಿಗೆ ಇದನ್ನು ಹೇಳುವಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

೨೦೧೫ರ ಜನವರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಪ್ರಾಚೀನ ವಿಮಾನಗಳು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಕೂಡ ಹಾರಬಲ್ಲವಾಗಿದ್ದವು, ಇಂದಿನವು ಮುಂದಕ್ಕೆ ಮಾತ್ರ ಹಾರುತ್ತವೆ ಎಂದು ಅಲ್ಲಿ ಪ್ರಬಂಧವೊಂದು ಮಂಡಿತವಾದುದು ಪತ್ರಿಕೆಗಳಲ್ಲಿ ಬಂತು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸರಿಯಬಲ್ಲ ಸೀ ಹ್ಯಾರಿಯರುಗಳು ಆ ದಿನ ನಮ್ಮ ನೌಕಾದಳದಲ್ಲಿ ಇನ್ನೂ ಸೇವೆಯಲ್ಲಿದ್ದವು. ಅವನ್ನು ಹೊತ್ತು ಮೆರೆದ ವಿಕ್ರಾಂತವನ್ನು ಕಲೀನಾದಿಂದ ಬಹುದೂರವೇನೂ ಅಲ್ಲದ ದಾರೂಖಾನಾದಲ್ಲಿ ಎರಡು ತಿಂಗಳ ಹಿಂದಷ್ಟೇ ಗುಜರಿಗೆ ಒಡೆಯಲು ತೊಡಗಿದ್ದರು. ಸಭೆಯಲ್ಲಿ ಯಾರಿಗೂ ಇದು ನೆನಪಾಗಲಿಲ್ಲವೋ ಏನೋ.

೨೦೧೬ರ ಮೇ ತಿಂಗಳಲ್ಲಿ ಸೀ ಹ್ಯಾರಿಯರುಗಳು ನಿವೃತ್ತವಾದವು. ಮರುವರ್ಷ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿರಾಟದ ಧ್ವಜ ಇಳಿಯಿತು. ೨೦೨೨ರಲ್ಲಿ ನೌಕಾದಳ ಸೇರಿದ ಹೊಸ ವಿಕ್ರಾಂತದ ಮಿಗ್ ವಿಮಾನಗಳು ನಿಲ್ಲಲಾರವು. ರಭಸದಿಂದ ಬಂದು ಅಟ್ಟಕ್ಕೆ ಬಿಗಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿಕೊಂಡು ನಿಲ್ಲುತ್ತವೆ. ಗೋವೆಯ ನೌಕಾ ವಾಯುಯಾನ ವಸ್ತುಸಂಗ್ರಹಾಲಯದಲ್ಲಿ ಒಂದು ಸೀ ಹ್ಯಾರಿಯರನ್ನು ನೆಲದ ಮೇಲೆ ನಿಲ್ಲಿಸಿಟ್ಟಿದ್ದಾರೆ. ಈ ಸಲ ರಜೆಯಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಮಡಗಾಂವಿನಲ್ಲಿ ಇಳಿದು, ಆ ನಾಲ್ಕು ಮೂತಿಗಳನ್ನು ಮಗನಿಗೆ ತೋರಿಸಿ ಮುಂದುವರಿಯಬೇಕೆಂದಿದ್ದೇವೆ.