ತಿಗಡೆ: ಒಂದು ಬಳ್ಳಿಯ ಹೆಸರುಗಳ ಚರಿತ್ರೆ

ಗಿಡಮೂಲಿಕೆ ಮಾರುವ ಅಂಗಡಿಗೆ ಹೋಗಿ ಪುಣೆಯಲ್ಲಿ ‘ನಿಶೋತ್ತರ’, ದಿಲ್ಲಿಯಲ್ಲಿ ‘ನಿಸೋತ್’, ಹೈದರಾಬಾದಿನಲ್ಲಿ ‘ತೆಗಡ’, ಚೆನ್ನೈನಲ್ಲಿ ‘ಶಿವದೈ’ ಎಂದು ಕೇಳಿದರೆ ಕೈಗೆ ಬರಬೇಕಾದ ಬೇರು ಒಂದೇ. ಕನ್ನಡದಲ್ಲಿ ಅದು ತಿಗಡೆ. ಸಸ್ಯವಿಜ್ಞಾನದ ಗ್ರಂಥಗಳಲ್ಲಿ ಅದರ ಇಂದಿನ ಹೆಸರು ‘ಆಪರ್ಕುಲೈನ ಟರ್ಪೆಥಂ’. ಈ ಎರಡು ಪದಗಳಲ್ಲಿ ಮೊದಲನೆಯದು ಸುಮಾರು ಇನ್ನೂರು ವರ್ಷ ಹಳೆಯದು. ಎರಡನೆಯದರ ಬೇರು ನಮ್ಮ ನೆಲದ್ದೇ.

ತಿಗಡೆ ಗೆಣಸಿನ ಕುಟುಂಬಕ್ಕೆ ಸೇರಿದ ಹಬ್ಬುಬಳ್ಳಿ. ಕಾಂಡದ ಉದ್ದಕ್ಕೂ ರೆಕ್ಕೆಯಂತಹ ಏಣುಗಳು, ಆಲಿಕೆಯಾಕಾರದ ಬಿಳಿ ಹೂವು, ಹಾಲು ಒಸರುವ ದಪ್ಪ ಬೇರು. ಆಯುರ್ವೇದ ಇದನ್ನು ತ್ರಿವೃತ್ ಎಂದು ಕರೆಯಿತು. ಸುಖವಾಗಿ ವಿರೇಚನ ಮಾಡಿಸುವ ದ್ರವ್ಯಗಳಲ್ಲಿ ಚರಕಸಂಹಿತೆ ಇದಕ್ಕೇ ಅಗ್ರಸ್ಥಾನ ಕೊಡುತ್ತದೆ. ಕಲ್ಪಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಡುತ್ತದೆ. ಅಲ್ಲಿಯ ವರ್ಗೀಕರಣ ಬೇರಿನ ಬಣ್ಣವನ್ನು ಅನುಸರಿಸಿದ್ದು. ಕೆಂಪು ಛಾಯೆಯ ಅರುಣ ಒಂದು, ಕಪ್ಪು ಛಾಯೆಯ ಶ್ಯಾಮ ಇನ್ನೊಂದು. ಅರುಣ ಶ್ರೇಷ್ಠ; ಶ್ಯಾಮ ತೀಕ್ಷ್ಣ, ಬಲವಿಲ್ಲದವರಿಗೆ ಸಲ್ಲದು. ವೈದ್ಯನ ಕಣ್ಣು ರೋಗಿಯ ಮೇಲಿತ್ತು. ದೇಹದಲ್ಲಿ ಏನು ನಡೆಯುತ್ತದೆ ಎಂಬುದೇ ಅವನಿಗೆ ಗಿಡದ ಗುರುತು.

ಈ ಬೇರು ವ್ಯಾಪಾರಿಗಳ ಮೂಟೆಗಳಲ್ಲಿ ಪಶ್ಚಿಮಕ್ಕೆ ಹೋಯಿತು. ಪರ್ಷಿಯನ್ ಮತ್ತು ಅರಬ್ಬೀ ವೈದ್ಯರು ಅದನ್ನು ‘ತುರ್ಬದ್’ ಎಂದರು. ಈ ಪದಕ್ಕೂ ಸಂಸ್ಕೃತದ ತ್ರಿವೃತ್, ತ್ರಿಪುಟಾ ಎಂಬ ಹೆಸರುಗಳಿಗೂ ನಿಘಂಟುಕಾರರು ನಂಟು ಕಲ್ಪಿಸುತ್ತಾರೆ. ಇಬ್ನ್ ಸೀನಾನ ವೈದ್ಯಗ್ರಂಥ 12ನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದವಾದಂತಹ ಪ್ರಯತ್ನಗಳ ಮೂಲಕ ಆ ಪದ ಯುರೋಪಿಗೆ ಬಂದು ಟರ್ಬಿತ್, ಟರ್ಪೆಥಂ ಎಂದಾಯಿತು. ಬೇರನ್ನು ಬಲ್ಲವರು ಅಲ್ಲಿ ಬಹಳ ಮಂದಿ. ಬಳ್ಳಿಯನ್ನು ಕಂಡವರು ವಿರಳ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಸಂವಾದರೂಪದ ಗ್ರಂಥದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತಾ ಟರ್ಬಿತ್‌ಗಾಗಿಯೇ ಒಂದು ಸಂವಾದ ಬರೆದ. ಗೋವೆಯ ‘ಕಾನರಿಂ’ ಜನ ಅದನ್ನು ‘ತಿಗುವಾರ್’ ಎನ್ನುತ್ತಾರೆಂದು ಅವನ ದಾಖಲೆ. ಪೋರ್ಚುಗೀಸರು ಆ ಹೆಸರಿನಿಂದ ಕರೆದದ್ದು ಹೆಚ್ಚಾಗಿ ಕೊಂಕಣಿಗರನ್ನು; ಆದ್ದರಿಂದ ಅದನ್ನು ಕನ್ನಡ ಪದವೆಂದು ಬರೆದುಕೊಳ್ಳುವ ಅವಸರ ಬೇಡ. ಆದರೂ ಆ ಪದದೊಳಗೆ ನಮ್ಮ ತಿಗಡೆಯ ದನಿ ಕೇಳಿಸದಿರದು.

1753ರಲ್ಲಿ ಲಿನೇಯಸ್ ತನ್ನ ‘ಸ್ಪೀಷೀಸ್ ಪ್ಲಾಂಟೇರಂ’ ಗ್ರಂಥದಲ್ಲಿ ಈ ಬಳ್ಳಿಗೆ ‘ಕನ್ವಾಲ್ವ್ಯುಲಸ್ ಟರ್ಪೆಥಂ’ ಎಂದು ಹೆಸರಿಟ್ಟ. ಐದು ಕೇಸರ, ಒಂದು ಶಲಾಕೆ ಎಂಬ ಎಣಿಕೆಯೇ ಅವನ ವರ್ಗೀಕರಣಕ್ಕೆ ಆಧಾರ. 1810ರಲ್ಲಿ ಆಸ್ಟ್ರೇಲಿಯದ ಸಸ್ಯಗಳನ್ನು ವಿವರಿಸುತ್ತ ರಾಬರ್ಟ್ ಬ್ರೌನ್ ಇದನ್ನು ‘ಐಪೊಮಿಯ’ ಕುಲಕ್ಕೆ ಸೇರಿಸಿದ. ಕನ್ವಾಲ್ವ್ಯುಲಸ್‌ಗಳ ಶಲಾಕಾಗ್ರ ಎರಡು ಸಣ್ಣ ಎಳೆಗಳಾಗಿ ಒಡೆದಿದ್ದರೆ ಐಪೊಮಿಯಗಳದ್ದು ಗುಂಡು.

ಮುಂದಿನ ಹೆಜ್ಜೆ ಇಟ್ಟವನು ಬ್ರೆಜಿಲಿನ ಸಿಲ್ವ ಮಾನ್ಸೊ. ಇದರ ಕಾಯಿ ಬಿರಿಯುವಾಗ ಮೇಲ್ಭಾಗ ಮುಚ್ಚಳದಂತೆ ಕಳಚಿಕೊಳ್ಳುತ್ತದೆ. ಲ್ಯಾಟಿನ್ನಿನಲ್ಲಿ ‘ಆಪರ್ಕುಲಂ’ ಎಂದರೆ ಮುಚ್ಚಳ. ಆ ಲಕ್ಷಣ ಹಿಡಿದು 1836ರಲ್ಲಿ ಅವನು ‘ಆಪರ್ಕುಲೈನ’ ಎಂಬ ಹೊಸ ಕುಲವನ್ನು ಸ್ಥಾಪಿಸಿದ. ಅದು ಪ್ರಕಟವಾದ ಪುಸ್ತಕ ಯಾವುದೆಂದು ನೋಡಿದರೆ ಚರಕನ ನೆನಪಾಗುತ್ತದೆ: ವಿರೇಚನ ಮಾಡಿಸಬಲ್ಲ ಬ್ರೆಜಿಲಿನ ದ್ರವ್ಯಗಳ ಪಟ್ಟಿ ಅದು! ಲಕ್ಷಣ ಹುಡುಕಿದ್ದು ಕಾಯಿಯಲ್ಲಿ. ಕುತೂಹಲ ಹುಟ್ಟಿದ್ದು ಮಾತ್ರ ಹಳೆಯ ವೈದ್ಯನ ಗುಣಗಣನೆಯಲ್ಲಿಯೇ.

ಎಲ್ಲರೂ ಇದನ್ನು ತಕ್ಷಣ ಒಪ್ಪಲಿಲ್ಲ. 1883ರ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ ಸಂಪುಟದಲ್ಲಿ ಕ್ಲಾರ್ಕ್ ಐಪೊಮಿಯವನ್ನೇ ಉಳಿಸಿಕೊಂಡ. 1893ರಲ್ಲಿ ಜರ್ಮನಿಯ ಹಾಲಿಯರ್ ಸೂಕ್ಷ್ಮದರ್ಶಕದಡಿ ಪರಾಗವನ್ನಿಟ್ಟು ನೋಡಿ ಇಡೀ ಕುಟುಂಬವನ್ನು ಎರಡಾಗಿ ವಿಂಗಡಿಸಿದ. ಐಪೊಮಿಯದ ಪರಾಗಕ್ಕೆ ಮುಳ್ಳುಗಳಿವೆ, ತಿಗಡೆಯದ್ದು ನುಣುಪು. ಮುಚ್ಚಳದ ಪಕ್ಷಕ್ಕೆ ಬಲ ಬಂತು. 2017ರಲ್ಲಿ ಸಿಮೋಯಿಷ್ ಮತ್ತು ಸ್ಟೇಪಲ್ಸ್ ಡಿಎನ್‌ಎ ಆಧಾರದ ಮೇಲೆ ಇದರ ನೆರೆಯ ಕುಲವಾದ ಮೆರೆಮಿಯವನ್ನು ಒಡೆದು ಹಂಚಿದಾಗಲೂ ಆಪರ್ಕುಲೈನ ಉಳಿದುಕೊಂಡಿತು.

ಹೀಗೆ ಗುರುತು ಬೇರಿನಿಂದ ಹೂವಿಗೆ, ಹೂವಿನಿಂದ ಕಾಯಿಗೆ, ಪರಾಗಕ್ಕೆ, ಕೊನೆಗೆ ಡಿಎನ್‌ಎಗೆ ಸರಿಯಿತು. ಕುಲನಾಮ ಬದಲಾಗುತ್ತಲೇ ಹೋಯಿತು; ‘ಟರ್ಪೆಥಂ’ ಅಲುಗಲಿಲ್ಲ. ನಾಮಕರಣದ ನಿಯಮವೇ ಹಾಗೆ: ಗಿಡ ಕುಲ ಬದಲಿಸಿದರೂ ಅದರ ಎರಡನೆಯ ಪದ ಜೊತೆಗೇ ಸಾಗಬೇಕು, ಮೊದಲು ಹೆಸರಿಟ್ಟವನು ಆವರಣದೊಳಗೆ ಉಳಿಯಬೇಕು. ಕಡತ ಶಾಖೆಯಿಂದ ಶಾಖೆಗೆ ಹೋದರೂ ಮೂಲ ಪತ್ರದ ಸಂಖ್ಯೆ ಉಲ್ಲೇಖದಲ್ಲಿ ಉಳಿಯುವಂತೆ. ಅದು ಗುಣವಾಚಕವಾಗಿದ್ದರೆ ಪುಲ್ಲಿಂಗದ ಕನ್ವಾಲ್ವ್ಯುಲಸ್‌ನಿಂದ ಸ್ತ್ರೀಲಿಂಗದ ಐಪೊಮಿಯಕ್ಕೆ ಹೋಗುವಾಗ ಲಿಂಗ ಬದಲಿಸಬೇಕಿತ್ತು. ಆದರೆ ಅದು ನಾಮಪದ, ಅಂಗಡಿಯ ಹಳೆಯ ಸರಕಿನ ಹೆಸರು. ವ್ಯಾಕರಣವೂ ಅದನ್ನು ಮುಟ್ಟಲಿಲ್ಲ.

ಹೆಸರಿನ ಈ ಸ್ಥಿರತೆ ಪಾಂಡಿತ್ಯದ ವಿಷಯ ಮಾತ್ರವಲ್ಲ. ಯುರೋಪಿನ ರಸವಾದಿಗಳು ಪಾದರಸದ ಒಂದು ಹಳದಿ ಲವಣವನ್ನೂ ‘ಟರ್ಪೆಥ್ ಖನಿಜ’ ಎಂದರು, ಅದು ವಿಷ. ಇತ್ತ ‘ಕರಿ ತಿಗಡೆ’ ಅಥವಾ ಶ್ಯಾಮ ಎಂಬುದು ನಿಜವಾಗಿ ಯಾವ ಸಸ್ಯ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಲ್ಯಾಟಿನ್ ಹೆಸರು ಬಳ್ಳಿ ಯಾವುದೆಂದು ಹೇಳುತ್ತದೆ, ಬೇರು ಅರುಣವೋ ಶ್ಯಾಮವೋ ಎಂದು ಹೇಳುವುದಿಲ್ಲ. ಹಳೆಯ ಹೆಸರು ಗುಣ ಹೇಳುತ್ತದೆ, ಬಳ್ಳಿಯ ಗುರುತನ್ನು ಸಂಶಯಕ್ಕೆ ಬಿಡುತ್ತದೆ. ಹೊಟ್ಟೆಗೆ ಇಳಿಯುವ ಬೇರಿಗೆ ಈ ಎರಡೂ ಸಾಕ್ಷಿಗಳು ಬೇಕು. ಒಂದನ್ನು ವಿಜ್ಞಾನಿ ಬರೆದಿಟ್ಟಿದ್ದಾನೆ. ಇನ್ನೊಂದು ನಮ್ಮ ನುಡಿಗಳಲ್ಲಿದೆ. ಊರು ಬಿಟ್ಟು ಬಂದ ನಾವು ಅಂಗಡಿಯವನ ಮುಂದೆ ನಿಸೋತ್ ಎಂದರೂ ಮನೆಯ ಮಕ್ಕಳಿಗೆ ತಿಗಡೆ ಎಂಬ ಮಾತನ್ನು ದಾಟಿಸುವುದು ನಮ್ಮ ಪಾಲಿನ ಕೆಲಸ.