ಕೊಕ್ಕರೆ ಬೆಳ್ಳೂರಿನ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಕೋಟೆಕೊತ್ತಲಗಳ ಕಡೆಗೆ, ಶಿಲಾಶಾಸನಗಳ ಕಡೆಗೆ ಓಡುತ್ತದೆ. ಆದರೆ ಕೆಲವು ಊರುಗಳಿಗೆ ಹೆಸರೇ ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಬೆಳ್ಳೂರೆಂಬ ಹಳ್ಳಿಯೊಂದುಂಟು. ಜನ ಅದನ್ನು ಕರೆಯುವುದು ಕೊಕ್ಕರೆ ಬೆಳ್ಳೂರೆಂದು.

ಹಳೆಯ ಊರು ಶಿಂಷಾ ನದಿಯ ದಡಕ್ಕೆ ಹತ್ತಿರವಿತ್ತಂತೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪ್ಲೇಗು ಬಡಿದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದುವೆಂದು ಊರಿನವರು ಹೇಳುತ್ತಾರೆ. ಇದು ಬಾಯಿಂದ ಬಾಯಿಗೆ ಬಂದ ಮಾತು. ಆದರೂ ಈ ಮಾತಿನ ಬಲದಿಂದಲೇ ಅಲ್ಲಿ ಹಕ್ಕಿ ಉಳಿದಿದೆ. ಬಣ್ಣದ ಕೊಕ್ಕರೆಯೂ ಹೆಜ್ಜಾರ್ಲೆಯೂ ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುವುದು ಹಣ್ಣು ಮಾಗುವ ಕಾಲದಲ್ಲಿ. ಹಣ್ಣು ಬಡಿದರೆ ಮರಿ ಬಿದ್ದೀತು. ಮರಿ ಉಳಿಯಬೇಕಾದರೆ ಹಣ್ಣಿನ ಆಸೆ ಬಿಡಬೇಕು. ಬಡ ಮನೆಗೆ ಅದು ಸಣ್ಣ ನಷ್ಟವಲ್ಲ. ಆದರೆ ಹೆರಿಗೆಗೆಂದು ತವರಿಗೆ ಬಂದ ಮಗಳನ್ನು ಹೊರಗಟ್ಟುವವರಾರು? ಊರಿನವರು ಹಕ್ಕಿಯನ್ನು ಕಂಡದ್ದು ಹೀಗೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು.

ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಮುಂದೆ ಗೂಡಿರುವ ಮರಗಳ ಒಡೆಯರಿಗೆ ಪರಿಹಾರಧನ ಕೊಡುವ ಏರ್ಪಾಟಾಯಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆನಿಸಿತು.

ಆದರೆ ಗೂಡು ಮರದಲ್ಲಿದ್ದರೂ ಅನ್ನವಿರುವುದು ನೀರಿನಲ್ಲಿ. ಒಂದು ಫೆಬ್ರವರಿಯ ಬೆಳಿಗ್ಗೆ ಸಮೀಪದ ಕೆರೆಯಂಗಳದಲ್ಲಿ ನಿಂತು ಬಣ್ಣದ ಕೊಕ್ಕರೆಯೊಂದನ್ನು ಬಹಳ ಹೊತ್ತು ನೋಡಿದೆ. ಸುಮಾರು ಮೂರಡಿ ಎತ್ತರದ ಹಕ್ಕಿ. ಎದೆಗೆ ಕಪ್ಪು ಪಟ್ಟಿ, ಬಾಲದ ಬಳಿ ಗುಲಾಬಿಯ ರಂಗು. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ ಅತ್ತಿತ್ತ ಬೀಸುತ್ತ ನಡೆಯುತ್ತಿತ್ತು. ನಡುನಡುವೆ ಕಾಲಿನಿಂದ ಕೆಸರು ಕದಡುತ್ತಿತ್ತು. ಅದು ಮೀನನ್ನು ಹಿಡಿಯುವುದು ಕಣ್ಣಿನಿಂದಲ್ಲ, ಸ್ಪರ್ಶದಿಂದ. ಮೀನು ತಗಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಈ ಬೇಟೆಗೆ ತೆಳುನೀರು ಬೇಕು. ನೀರು ಆಳವಾದರೆ ಅದಕ್ಕೆ ನಿಲ್ಲಲಾಗದು. ಕೆರೆ ಬತ್ತಿದರೆ ಮೀನಿಲ್ಲ.

ಹೀಗಾಗಿ ಕೊಕ್ಕರೆಯ ಚರಿತ್ರೆಯೆಂದರೆ ನಮ್ಮ ಕೆರೆಗಳ ಚರಿತ್ರೆಯೂ ಹೌದು. ಪೈರಿಗಾಗಿ ಕಟ್ಟೆ ಕಟ್ಟಿಸಿದವರು ಹಕ್ಕಿಯನ್ನು ನೆನೆದಿದ್ದರೋ ಇಲ್ಲವೋ, ಅವರ ಕೆರೆಯಂಚು ಅದಕ್ಕೆ ಉಣ್ಣುವ ಎಲೆಯಾಯಿತು. ಹುಣಸೆಮರಕ್ಕೆ ಒಡೆಯನುಂಟು, ಪರಿಹಾರವುಂಟು. ಕೆರೆ ಎಲ್ಲರದು, ಆದುದರಿಂದಲೇ ಅದರಲ್ಲಿ ಹೂಳು ತುಂಬಿದಾಗ ಕೇಳುವವರು ಕಡಿಮೆ. ಬೆಳ್ಳೂರಿನವರು ತಮ್ಮ ಪಾಲಿನದನ್ನು ಮಾಡಿದ್ದಾರೆ. ಕೆರೆಗಳು ಹೋದರೆ ಊರಿನ ಹೆಸರೇನೋ ಉಳಿದೀತು. ಆ ಹೆಸರಿಗೆ ಅರ್ಥ ಉಳಿಯದು.